ಮಚ್ಚಿನ ಬೆನ್ನು

ಮಾಂಸದಂಗಡಿಯ ಹಿಂದಿನ ಕೋಣೆ,
ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಹೆಗ್ಗಣವೇ,

ಹೇಗಿದ್ದೀಯ? ನಿನ್ನ ಗಂಡ ಹೊಡೆದ ಕಿವಿ ಈಗ ಕೇಳಿಸುತ್ತದೆಯೇ? ಗೆಳತಿಯ ಮನೆಯೆಂದು ಸಂಕೋಚಪಟ್ಟು ಅರೆಹೊಟ್ಟೆ ಉಣ್ಣಬೇಡ. ನಿನ್ನ ಫೋನು ಅವನ ಬಳಿಯೇ ಉಳಿದಿದೆ, ಹಾಗಾಗಿ ಕಾಗದವೇ ಗತಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರದ ನನಗೂ ನೀನು ಹೇಗೆ ಗಂಟುಬಿದ್ದೆಯೋ ಕಾಣೆ. ನಾನು ಚೆನ್ನಾಗಿದ್ದೇನೆ. ಮುಂದಿನ ಎರಡು ಹಲ್ಲು ಇಲ್ಲ, ಅಷ್ಟೇ.

ನಿನ್ನ ಕಾಗದ ನಿನ್ನೆ ಬಂತು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳಲ್ಲವೇ, ನನಗೂ ಪಾಠ ಮಾಡಿದ್ದೀಯ. ಪ್ರೀತಿಯೆಲ್ಲ ಮೈಯೊಳಗಿನ ಹಾರ್ಮೋನಂತೆ, ತಾಯಿಯ ಮಮತೆ ಬಸಿರು ಬಾಣಂತನದಿಂದ ಬರುವುದಂತೆ, ಗಂಡಸಿನ ಸಿಟ್ಟು ಕಾಡಿನ ಕಾಲದಿಂದ ಬಂದದ್ದಂತೆ. "ಅವರ ತಪ್ಪಲ್ಲಮ್ಮ, ಅದು ಸ್ವಭಾವ. ಬುಧವಾರ ವಾಪಸ್ ಹೋಗ್ತೀನಿ." ಓದಿ ಮೈ ಉರಿದುಹೋಯಿತು. ಮೂವತ್ತು ವರ್ಷದಿಂದ ದಿನಕ್ಕೆ ಹತ್ತು ಗುಂಡಿಗೆ ಸೀಳುವವಳು ನಾನು, ಮೈ ಅಂದರೇನೆಂದು ನನಗೂ ಸ್ವಲ್ಪ ಗೊತ್ತು. ಕುರಿ ತನ್ನ ಮರಿಯನ್ನು ವಾಸನೆಯಿಂದ ಗುರುತಿಸುತ್ತದೆ. ಇನ್ನೊಂದರ ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಗುದ್ದಿ ಕೆಡವುತ್ತದೆ. ನಿನ್ನಪ್ಪ ನಾಲ್ಕು ವರ್ಷದ ನಿನ್ನನ್ನು ತಂದು ನನ್ನ ಮಡಿಲಿಗೆ ಹಾಕಿದಾಗ ನಿನ್ನ ಬಟ್ಟೆಯಲ್ಲಿ ನಿನ್ನ ಹೆತ್ತಮ್ಮನ ಸೋಪಿನ ವಾಸನೆಯಿತ್ತು. ನಿಜ ಹೇಳಲೇ? ನನಗೂ ಗುದ್ದಬೇಕೆನಿಸಿತ್ತು. ಕೈಯನ್ನೂ ಎತ್ತಿದ್ದೆ. ಆಮೇಲೆ ಅದೇ ಕೈಯಲ್ಲಿ ನಿನ್ನ ಮೂಗು ಒರೆಸಿದೆ. ಅದು ಯಾವ ಹಾರ್ಮೋನೋ ಹುಡುಕಿ ಬರೆ. ನಿನ್ನ ಪುಸ್ತಕ ಸುಳ್ಳೆನ್ನುವುದಿಲ್ಲ ಕಣೇ. ಆದರೆ ನಿನ್ನ ಗಂಡನ ಸ್ವಭಾವ ಅವನ ಸಾಹೇಬರ ಮುಂದೆ ಯಾಕೆ ಬಾಲ ಮುದುರಿ ಕೂರುತ್ತದೆ?

ಇವತ್ತು ಬೆಳಿಗ್ಗೆ ಅವನೇ ಅಂಗಡಿಗೆ ಬಂದ. ನಿನ್ನ ವಿಳಾಸ ಕೇಳಿದ, ಗೊತ್ತಿಲ್ಲ ಅಂದೆ. ನನ್ನ ಜುಟ್ಟು ಹಿಡಿದು ಮುಖವನ್ನು ತಕ್ಕಡಿಗೆ ಎರಡು ಸಲ ಬಡಿದ. ಹಲ್ಲುಗಳು ಮಾಂಸದ ಚೂರುಗಳ ನಡುವೆ ಬಿದ್ದವು. ಗಲ್ಲಾಪೆಟ್ಟಿಗೆಯಿಂದ ನಿನ್ನ ಕಾಗದ ಎಳೆದು, ನಿಂತಲ್ಲೇ ಓದಿ ನಕ್ಕ. "ನೋಡು, ನಿನ್ ಮಗಳೇ ಬರೆದಿದಾಳೆ, ಇದು ನನ್ ಸ್ವಭಾವ ಅಂತ. ಮಧ್ಯೆ ನೀನ್ಯಾರು? ಹೆತ್ತೋಳಾ?" ಕಾಗದವನ್ನು ಮಾಂಸ ಕಡಿಯುವ ಕೊರಡಿನ ಮೇಲೆ ಹರವಿ, ವಿಳಾಸ ಹುಡುಕುತ್ತ ಬೆರಳಾಡಿಸಿದ. ನನ್ನ ಕೈಗೆ ಮಚ್ಚು ಸಿಕ್ಕಿತು. ಅಲಗಿನಿಂದಲೇ ಬೀಸಿದ್ದರೆ ಅವನ ಕೈ ಬುಟ್ಟಿಗೆ ಬೀಳುತ್ತಿತ್ತು. ನಿನಗೆ ಅವನ ಮೇಲೆ ಇನ್ನೂ ಪ್ರೀತಿಯಿದೆಯಲ್ಲ, ಅದು ನೆನಪಾಗಿ ಮಚ್ಚು ತಿರುಗಿಸಿ ಬೆನ್ನಿನಿಂದ ಮಣಿಕಟ್ಟಿಗೆ ಬಡಿದೆ. ಮತ್ತೆ ಬಡಿದೆ. ಮೂಳೆ ಪುಡಿಯಾಗುವ ಸದ್ದು ನನಗೆ ಹೊಸದಲ್ಲ, ಆದರೆ ಇವತ್ತು ಅದನ್ನು ಕೇಳಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮೂರನೆಯ ಏಟಿಗೆ ಪಕ್ಕದಂಗಡಿಯ ಟೈಲರ್ ಓಡಿಬಂದು ನನ್ನನ್ನು ಹಿಡಿದೆಳೆದ. ವಿಳಾಸ ಅವನಿಗೆ ಸಿಗಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಯಾರ ಏಟನ್ನೂ ತಿನ್ನದೆ ನೂರು ವರ್ಷ ಬಾಳು.

ನಿನ್ನ
ಅಮ್ಮ

ಮರೆತಿದ್ದೆ: ಪೊಲೀಸರು ಬಾಗಿಲಲ್ಲಿದ್ದಾರೆ, ಇದನ್ನು ಟೈಲರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಸುಟ್ಟುಬಿಡು. ಮಗಳೇ ಹೇಳಿ ಹೊಡೆಸಿದ್ದು ಎಂದು ಅವನು ಆಸ್ಪತ್ರೆಯಿಂದ ದೂರು ಬರೆಸಿದ್ದಾನಂತೆ, ನಿನ್ನನ್ನೂ ಕೇಸಿಗೆ ಎಳೆಯುತ್ತಾರೆ. ಬುಧವಾರ ಹೋಗಬೇಡ. ಪೊಲೀಸರು ಕೇಳಿದರೆ, "ಅವಳು ನನ್ನ ತಾಯಿಯಲ್ಲ, ನನಗೂ ಅವಳಿಗೂ ಯಾವ ಸಂಬಂಧವೂ ಇಲ್ಲ" ಎಂದು ಬರೆದು ಸಹಿ ಹಾಕಿಬಿಡು. ಅಳಬೇಡ. ನಿನ್ನ ಪುಸ್ತಕದ ಪ್ರಕಾರ ಅದು ಸುಳ್ಳೂ ಅಲ್ಲ.