ಹಾಸ್ಟೆಲಿನ ಚಟ್ನಿ

ಕುದ್ರೋಳಿ,
ಭಾನುವಾರ, ೨೭ ಜುಲೈ ೨೦೨೫

ಮಸ್ಕತ್ತಿನಲ್ಲಿರುವ ನನ್ನ ಮಗಳು ನಿರೀಕ್ಷಾಳಿಗೆ, ನಿನ್ನ ಅಮ್ಮ ಅಡಿಗೆಮನೆಯ ಮಣೆಯ ಮೇಲೆ ಕೂತು ಪ್ರೀತಿಯಿಂದ ಬರೆಯುವುದು.

ಫೋನ್ ಇರುವಾಗ ಕಾಗದ ಎಂತಕ್ಕೆ ಎಂದು ನಗಬೇಡ. ಈ ಮನೆಯಲ್ಲಿ ಫೋನೆಂದರೆ ಸ್ಪೀಕರ್ ಹಾಕಿ ಮಾತಾಡುವುದು. ನಾನು ಒಂದು ಹೇಳಿದರೆ ನಿನ್ನ ಅಣ್ಣ ಮುಖೇಶ ಹಿಂದಿನಿಂದ ಎರಡು ಹೇಳುತ್ತಾನೆ. ಪಕ್ಕದ ಮನೆಯ ಅರ್ಶದ್ ಬುಧವಾರ ಮಸ್ಕತ್ತಿಗೆ ಹೊರಡುತ್ತಾನಂತೆ. ಇದನ್ನು ಅಂಟು ಹಾಕಿ ಅವನ ಕೈಯಲ್ಲಿ ಕೊಡುತ್ತೇನೆ. ಒಬ್ಬಳೇ ಇರುವಾಗ ಓದು.

ಅಪ್ಪನ ಎಲೆಯ ವಿಷಯದಲ್ಲಿ ನಿನಗೂ ಅಣ್ಣನಿಗೂ ಆದ ಜಗಳ ನನ್ನ ತಲೆಯಿಂದ ಹೋಗಲೇ ಇಲ್ಲ. ಅವರು ಹೋದ ಮೇಲೆ ಇದು ಮೊದಲ ಆಟಿ ತಿಂಗಳು. ಈ ತಿಂಗಳು ಸತ್ತವರಿಗೆ ಎಲೆ ಹಾಕಿ ಬಡಿಸುವಾಗ ಅವರಿಗೆ ಇಷ್ಟವಾದದ್ದನ್ನೇ ಎಲೆಗೆ ಹಾಕಬೇಕು, ಕುಡಿಯುವವರಾಗಿದ್ದರೆ ಅದನ್ನೂ ಒಂದು ಗ್ಲಾಸಿನಲ್ಲಿ ಇಡಬೇಕು. ಇಲ್ಲದಿದ್ದರೆ ಅವರು ಬಂದು ಹಸಿದೇ ಹೋಗುತ್ತಾರೆ. ಮುಖೇಶ ಬ್ರಾಂಡಿ ಇಡಲೇಬೇಕು ಎಂದ. ಅಪ್ಪನ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ನಾಲ್ಕೈದು ಬಾರುಗಳ ಸಪ್ಲಾಯರ್‌ಗಳು ಬಂದು ಕಣ್ಣೊರೆಸಿಕೊಂಡು ಹೋದದ್ದನ್ನು ಅವನು ನೋಡಿದ್ದಾನೆ. ಒಬ್ಬನ ಅಂಗಿಯ ಕಿಸೆಯ ಮೇಲೆ ಬಾರಿನ ಹೆಸರನ್ನೇ ಹೊಲಿದಿತ್ತು. ನೀನು, ಅಪ್ಪನ ಎಲೆಗೆ ಆ ದರಿದ್ರ ಇಟ್ಟರೆ ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದೆ. ಇಬ್ಬರಲ್ಲಿ ಯಾರದು ಸರಿಯೆಂದು ನನಗೆ ಗೊತ್ತಾಗಲಿಲ್ಲ. ನಲವತ್ತೇಳು ವರ್ಷ ಜೊತೆಗಿದ್ದವಳಿಗೆ ಗಂಡ ಕುಡಿಯುತ್ತಿದ್ದರೋ ಇಲ್ಲವೋ ಗೊತ್ತಿಲ್ಲ ಎಂದರೆ ಯಾರಿಗೆ ಹೇಳುವುದು?

ನನ್ನ ಅಪ್ಪನನ್ನು ಸಾರಾಯಿ ತಿಂದ ಕಥೆ ನಿನಗೆ ಗೊತ್ತುಂಟು. ಮದುವೆಗೆ ಮೊದಲು ನಾನು ಕೇಳಿದ್ದು ಒಂದೇ ಮಾತು, ಕುಡಿತದ ಅನ್ನ ನನ್ನ ಒಲೆಯ ಮೇಲೆ ಬೇಯಬಾರದು. ಅವರು ತಲೆಯಾಡಿಸಿದ್ದರು.

ಹಾಗಾಗಿ ಎಂಟು ದಿನದ ಹಿಂದೆ, ಶನಿವಾರ ಮಧ್ಯಾಹ್ನ ಮೇಲೆ ನಾನೇ ಹೊರಟೆ. ಮುಖೇಶನ ಮಗಳು ಮೋಕ್ಷಾ ಕದ್ರಿಯ ಆಫೀಸಿನಿಂದ ಬೇಗ ಬಂದು ನನ್ನ ಜೊತೆ ಸೇರಿದಳು. ಅಜ್ಜಿ, ನಾವೀಗ ಬಾರಿಂದ ಬಾರಿಗೆ ಹೋಗುವವರು, ಮನೆಯಲ್ಲಿ ದೇವಸ್ಥಾನ ಅಂತ ಹೇಳುವ, ಎಂದಳು. ಅವಳಿಗೆ ತಮಾಷೆ.

ಮೊದಲು ಅವಳಿಗೆ ಗೊತ್ತಿದ್ದ ಕಡೆಗೇ ಕರೆದುಕೊಂಡು ಹೋದಳು, ಹಂಪನಕಟ್ಟೆಯಲ್ಲಿ ಲಿಫ್ಟಿನಲ್ಲಿ ಹತ್ತಿ ಹೋಗುವ ಒಂದು ಪಬ್ಬು. ಹಗಲೇ ಕತ್ತಲೆ ಮಾಡಿಟ್ಟಿದ್ದಾರೆ. ಹಾಡೋ, ಯಾರೋ ಎದೆಯೊಳಗೆ ಕೂತು ಅಕ್ಕಿಮುಡಿ ಬಡಿದ ಹಾಗೆ. ಸುತ್ತ ಹುಡುಗಿಯರೇ ಗ್ಲಾಸು ಹಿಡಿದು ಕೂತಿದ್ದರು. ನಾನು ಬೈದುಕೊಳ್ಳಬೇಕೆಂದೇ ಹೋದವಳು, ಆದರೆ ಅವರಲ್ಲಿ ಒಬ್ಬಳು ಎದ್ದು ಬಂದು ಕುರ್ಚಿಗೆ ಸಿಕ್ಕಿದ ನನ್ನ ಸೆರಗನ್ನು ಹರಿಯದ ಹಾಗೆ ಬಿಡಿಸಿಕೊಟ್ಟಳು. ಬೈಗುಳ ಬಾಯಲ್ಲೇ ಉಳಿಯಿತು. ಅಲ್ಲಿ ತಂದುಕೊಡುವ ಕೆಲಸದವಳು ಕಾವೂರಿನ ಹುಡುಗಿ, ಅಕ್ಷಿತಾ ಎಂದು ಹೆಸರು. ನಾನು ತೋರಿಸಿದ ನಿನ್ನ ಅಪ್ಪನ ಫೋಟೋ ನೋಡಿ, ಇವರು ಇಲ್ಲಿಗೆ ಬರುವ ಟೈಪ್ ಅಲ್ಲ ಅಜ್ಜಿ, ಬಂದರಿನ ಕಡೆ ಹಳೇ ಬಾರುಗಳಲ್ಲಿ ಕೇಳಿ, ಎಂದಳು.

ಬಂದರಿನ ರಸ್ತೆಯ ಮೊದಲ ಬಾರಿನ ಬಾಗಿಲಲ್ಲೇ ನನ್ನ ಕಾಲು ನಿಂತಿತು. ಒಳಗೆ ಬೆಂಚು, ಹೊಗೆ, ಹುರಿದ ಮೀನಿನ ವಾಸನೆ. ಕೌಂಟರಿನ ಗಂಡಸು ಫೋಟೋ ನೋಡಿದ್ದೇ, ಓ, ನಮ್ಮ ಚನಿಯಣ್ಣ, ಎಂದ. ಯಾವುದು ಕುಡಿಯುತ್ತಿದ್ದರು ಮಗಾ, ಬ್ರಾಂಡಿಯಾ, ಎಂದು ಕೇಳಿದೆ. ಅವನು ನಕ್ಕ. ಅವರು ಕುಡಿಯುವುದಾ, ಒಳ್ಳೆ ಕಥೆ, ಅವರಿಗೆ ವಾಸನೆಗೇ ತಲೆನೋವು, ಮೂಗಿಗೆ ಹೆಗಲಿನ ಬೈರಾಸು ಒತ್ತಿಕೊಂಡೇ ಒಳಗೆ ಬರ್ತಿದ್ರು, ಎಂದ. ಹಾಗಾದರೆ ಬರುತ್ತಿದ್ದದ್ದು ಎಂತಕ್ಕೆ? ಅವನು ನನ್ನ ಮುಖ ನೋಡಿ, ನೀವು ಮನೆಯವರಾ, ಎಂದ. ಹೌದೆಂದದ್ದೇ ಅವನ ನಗು ನಿಂತಿತು. ಅದನ್ನೆಲ್ಲ ನೆಲ್ಲಿಬಾಯಿಯ ಹತ್ತಿರ ಕೇಳಿ, ಮೂರನೇ ಕಟ್ಟಡ, ಎಂದು ಬಾಟಲಿ ಒರೆಸಲು ತಿರುಗಿದ.

ಮಗಳೇ, ಆ ಮೂರು ಕಟ್ಟಡದಷ್ಟು ದೂರ ನಾನು ಹೇಗೆ ನಡೆದೆನೋ. ಕುಡಿಯುವುದಿಲ್ಲ, ಆದರೆ ಬಾರಿಗೆ ಹೋಗುತ್ತಾರೆ. ನೆಲ್ಲಿ ಎಂದರೆ ಹೆಂಗಸಿನ ಹೆಸರು. ಮೋಕ್ಷಾಳ ತಮಾಷೆಯೂ ನಿಂತಿತ್ತು. ಅಜ್ಜಿ, ವಾಪಸ್ ಹೋಗುವನಾ, ಎಂದು ಮೆಲ್ಲ ಕೇಳಿದಳು. ಬ್ರಾಂಡಿಯೇ ಆಗಿದ್ದರೆ ಸಾಕಿತ್ತು ಎಂದು ನನಗೆ ಆಗ ಅನಿಸಿದ್ದು ಸುಳ್ಳಲ್ಲ.

ನೆಲ್ಲಿಬಾಯಿ ನನಗಿಂತ ಹತ್ತು ವರ್ಷ ದೊಡ್ಡವಳು. ಗಲ್ಲಾಪೆಟ್ಟಿಗೆಯ ಹಿಂದೆ ಕಾಲು ಸ್ಟೂಲಿನ ಮೇಲೆ ಚಾಚಿ ಕೂತಿದ್ದಳು, ಕಾಲು ಬಾತಿತ್ತು. ಗಂಡ ತೀರಿದ ಮೇಲೆ ಬಾರು ನಡೆಸುವುದು ಅವಳೇ. ನಮ್ಮನ್ನು ಒಳಗಿನ ಫ್ಯಾಮಿಲಿ ರೂಮಿನಲ್ಲಿ ಕೂರಿಸಿ, ಸೋಡ ತರಿಸಿಕೊಟ್ಟು, ಫೋಟೋ ಹತ್ತಿರ ಹಿಡಿದು ನೋಡಿದಳು. ಚಟ್ನಿ ಚನಿಯಣ್ಣ, ಎಂದಳು. ಇಪ್ಪತ್ತಾರು ವರ್ಷ, ಮಂಗಳವಾರ, ಶನಿವಾರ, ತಪ್ಪಿದವರಲ್ಲ. ಒಣ ಸಿಗಡಿಯ ಎಟ್ಟಿಚಟ್ನಿಯ ಡಬ್ಬ ಸೈಕಲಿಗೆ ಕಟ್ಟಿಕೊಂಡು ಬರ್ತಿದ್ರು, ಈ ರಸ್ತೆಯ ಐದು ಬಾರಿಗೂ ಅದೇ. ನೆಲ್ಲಿಬಾಯಿ ಮಾತು ನಿಲ್ಲಿಸಲಿಲ್ಲ. ಮನೆಯಲ್ಲಿ ಹೆಂಡತಿ ಮಾಡುವುದಂತೆ, ಅವಳಿಗೆ ಮಾತ್ರ ಹೇಳಬೇಡಿ ಬಾಯಿ, ಗೊತ್ತಾದ್ರೆ ಒಲೆ ಹಚ್ಚುವುದಿಲ್ಲ ಅಂತಿದ್ರು, ಪಾಪ, ಹೆಂಡತಿಗೆ ಅಷ್ಟು ಹೆದರುವ ಗಂಡಸನ್ನು ನಾನು ನೋಡ್ಲಿಲ್ಲ, ಎಂದು ನಕ್ಕಳು.

ಮೋಕ್ಷಾಳಿಗೆ ಸೋಡ ನೆತ್ತಿಗೆ ಹತ್ತಿತು.

ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ನಾವು ಹೇಗೆ ಬದುಕಿದೆವು ಎಂದು ನಿನಗೆ ಗೊತ್ತಲ್ಲ. ಒಣ ಎಟ್ಟಿ ಹುರಿದು, ತೆಂಗಿನಕಾಯಿ ಕೆಂಡಕ್ಕೆ ಹಿಡಿದು, ಕಲ್ಲಿನಲ್ಲಿ ಕಡೆದು ಕೊಟ್ಟವಳು ನಾನು. ಕಾಲೇಜು ಹುಡುಗರ ಹಾಸ್ಟೆಲಿಗೆ ಎಂದು ಅವರು ಹೇಳಿದ್ದರು. ಮಕ್ಕಳು ಓದುವವರು, ಬಾಯಿಗೆ ರುಚಿಯಾಗಲಿ ಎಂದು ನಾನು ಒಂದು ಕಲ್ಲು ಮರಳು ಬಿಡದೆ ಆರಿಸುತ್ತಿದ್ದೆ. ನಿನ್ನ ಬಿ.ಕಾಂ., ಮುಖೇಶನ ಅಂಗಡಿ, ಈ ಮನೆಯ ತಾರಸಿ, ಎಲ್ಲವೂ ಆ ಡಬ್ಬದಿಂದ ಬಂದದ್ದು. ಕುಡಿತದ ಅನ್ನ ಬೇಡ ಎಂದವಳು ಇಪ್ಪತ್ತಾರು ವರ್ಷ ಬೇರೆ ಏನು ಬೇಯಿಸಿದೆ ಹಾಗಾದರೆ?

ಅವರು ಹೆದರುತ್ತಿದ್ದ ಹೆಂಡತಿ ನಾನೇ ಎಂದೆ. ನೆಲ್ಲಿಬಾಯಿ ಕೈ ಮುಗಿದಳು, ಆಮೇಲೆ ನನ್ನ ಕೈ ಹಿಡಿದಳು, ಬಿಡಲೇ ಇಲ್ಲ. ಅವರ ಕಾಯಿಲೆಯಿಂದ ಈಚೆಗೆ ಚಟ್ನಿ ನಾವೇ ಮಾಡ್ತೇವೆ, ಎಂತ ಮಾಡಿದ್ರೂ ಆಗುವುದಿಲ್ಲ ಮಾರಾಯ್ತಿ, ಎಂದು ಒಂದು ಪ್ಲೇಟು ತರಿಸಿದಳು. ತಿಂದೆ. ಎಟ್ಟಿಯ ತಲೆ ತೆಗೆದಿರಲಿಲ್ಲ, ಹಲ್ಲಿಗೆ ಮರಳು ಸಿಕ್ಕಿತು. ಆಚೆ ಮೇಜಿನ ಮುದುಕ ಸಪ್ಲಾಯರ್‌ಗೆ ಹೇಳುತ್ತಿದ್ದ, ಮೊದಲಿನ ಚಟ್ನಿ ಇದ್ದಾಗ ನಾನು ಬರ್ತಿದ್ದದ್ದೇ ಅದಕ್ಕೆ, ಬಿಯರು ನೆವ, ಎಂದು. ಸಿಟ್ಟು ಬರಬೇಕಾದ ಹೊತ್ತಿನಲ್ಲಿ ನನಗೆ ಬಂದದ್ದು ಹೆಮ್ಮೆ, ಅದಕ್ಕೆ ನಾಚಿಕೆ, ಆ ನಾಚಿಕೆಗೆ ಮತ್ತೆ ಸಿಟ್ಟು. ಎದ್ದು ಅವರ ಅಡಿಗೆಮನೆಗೆ ಹೋದೆ. ತಲೆ ಚಿವುಟುವುದು ಹೇಗೆಂದು ಅಡಿಗೆಯವನಿಗೆ ತೋರಿಸಿದೆ. ಯಾಕೆ ತೋರಿಸಿದೆ ಎಂದು ಮೋಕ್ಷಾ ರಿಕ್ಷಾದಲ್ಲಿ ಕೇಳಿದಳು. ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ.

ಹೊರಡುವಾಗ ಕೇಳಬೇಕಾದ್ದನ್ನು ಕೇಳಿದೆ. ಅವರು ಇಲ್ಲಿ ಏನು ಕುಡಿಯುತ್ತಿದ್ದರು? ಶುಂಠಿ ಸೋಡ, ಎಂದಳು ಬಾಯಿ. ಅಡಿಗೆಮನೆಯ ಹಿಂದೆ ಅಕ್ಕಿ ಗೋಣಿಯ ಮೇಲೆ ಕೂತು, ಒಂದೇ ಒಂದು.

ನಿನ್ನೆ ಸಂಜೆ ಬಡಿಸಿದೆವು. ಕೋರಿ, ರೊಟ್ಟಿ, ಕುಚ್ಚಲಕ್ಕಿ ಅನ್ನ, ಬಂಗುಡೆ. ಚಟ್ನಿ ಇಡಲಿಲ್ಲ, ಎಟ್ಟಿ ತಿಂದರೆ ಅವರಿಗೆ ಮೈಯೆಲ್ಲ ತುರಿಸುತ್ತಿತ್ತು. ನಾನು ಶುಂಠಿ ಸೋಡದ ಬಾಟಲಿ ತೆರೆದು ಎಲೆಯ ಬಲಕ್ಕೆ ಇಟ್ಟೆ. ಮುಖೇಶ ನೋಡಿ, ಇದೆಂತ ಅಮ್ಮ, ಎಂದ. ಅವರು ಕುಡಿಯುತ್ತಿದ್ದದ್ದು ಇದೇ ಎಂದೆ. ಅವನು ನಂಬಲಿಲ್ಲ. ಅವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಎಳೆಯುವ ಮೊದಲು ದೀಪ ಸರಿ ಮಾಡಲು ಬಗ್ಗಿದಾಗ ಎಡಗಡೆ ಒಂದು ಸಣ್ಣ ಗ್ಲಾಸು ಕಂಡಿತು. ಬ್ರಾಂಡಿ. ಅವನೇ ಇಟ್ಟದ್ದು. ನಿನಗೆ ಸಿಟ್ಟು ಬರುತ್ತದೆ, ಬರಲಿ, ಆದರೆ ಸುಳ್ಳು ಬರೆಯುವುದಿಲ್ಲ: ತೆಗೆಯಲು ಚಾಚಿದ ಕೈಯನ್ನು ನಾನೇ ಹಿಂದೆ ತೆಗೆದುಕೊಂಡೆ. ಅದನ್ನು ಕುಡಿಯುವವರು ಕೊಟ್ಟದ್ದನ್ನೇ ಅಲ್ಲವಾ ನಾವೆಲ್ಲ ಉಂಡದ್ದು. ಅಪ್ಪನ ಎಲೆಯ ಪಕ್ಕ ಆ ಗ್ಲಾಸೂ ಒಂದು ಸಲ ಕೂರಲಿ ಎಂದು ಬಾಗಿಲು ಎಳೆದೆ. ಅದು ಸರಿಯೋ ತಪ್ಪೋ ಈಗಲೂ ಗೊತ್ತಾಗುವುದಿಲ್ಲ.

ನೀನು ಅಣ್ಣನ ಮೇಲೆ ಹಟ ಹಿಡಿಯಬೇಡ. ಗ್ಲಾಸು ಇಟ್ಟದ್ದು ಅವನು, ಇರಲಿ ಎಂದು ಬಿಟ್ಟವಳು ನಾನು. ಕಾಲಿಡುವುದಿಲ್ಲ ಎಂದ ಮಾತನ್ನು ವಾಪಸ್ ತೆಗೆದುಕೋ. ಡಿಸೆಂಬರಿನಲ್ಲಿ ಬಾ.

ನಿನ್ನ ದಾರಿ ನೋಡುವ,
ಅಮ್ಮ
(ಅಕ್ಕು)

ಮತ್ತೊಂದು: ಇದನ್ನು ಮೋಕ್ಷಾಳಿಗೂ ಹೇಳಿಲ್ಲ. ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಮಂಗಳವಾರ ನಾನು ಬಸ್ಸಿನಲ್ಲಿ ಬಂದರಿನ ರಸ್ತೆಯಲ್ಲಿ ಬರುತ್ತಿದ್ದೆ. ಡಬ್ಬ ಹಿಡಿದುಕೊಂಡು ನಿನ್ನ ಅಪ್ಪ ಒಂದು ಬಾರಿನ ಪರದೆ ಎತ್ತಿ ಒಳಗೆ ಹೋದದ್ದು ಕಂಡಿತು. ನಾನು ಆಚೆ ಬದಿಗೆ ಮುಖ ತಿರುಗಿಸಿ ಕೂತೆ. ನೋಡಲಿಲ್ಲ, ನೋಡಲಿಲ್ಲ ಎಂದು ನನಗೆ ನಾನೇ ಹೇಳಿ ಹೇಳಿ ನಿಜವಾಗಿಯೂ ಮರೆತುಬಿಟ್ಟಿದ್ದೆ. ನೆಲ್ಲಿಬಾಯಿ ನನ್ನ ಕೈ ಹಿಡಿದಾಗ ನೆನಪಾಯಿತು. ಅಂದು ರಾತ್ರಿ ಊಟಕ್ಕೆ ಕೂತಾಗ, ಹಾಸ್ಟೆಲಿನ ಮಕ್ಕಳು ಎಂತ ಹೇಳಿದರು ಎಂದು ಕೇಳಿದ್ದೆ. ಒಳ್ಳೆದುಂಟು ಅಂದರು, ಎಂದರು ಅವರು. ಮುಂದಿನ ಸಲ ಕಡೆಯುವಾಗ ನಾನು ಒಂದು ಹಿಡಿ ಮೆಣಸು ಜಾಸ್ತಿ ಹಾಕಿದೆ, ಆಮೇಲೆ ಯಾವತ್ತೂ ಕಡಿಮೆ ಮಾಡಲಿಲ್ಲ. ಓದುವ ಮಕ್ಕಳಿಗೆ ಅಷ್ಟು ಖಾರ ಯಾರಾದರೂ ಹಾಕುತ್ತಾರಾ, ನೀನೇ ಹೇಳು.