ಕುಪ್ಪಸದೊಳಗಿನ ಹಕ್ಕಿ

ಚುಲ್ಪಾಪಂಪ
ಜುಲೈ ೧೪

ನನ್ನ ಮುದ್ದು ಬೆನಿತಾಳಿಗೆ ಅಮ್ಮನ ಹೆಪ್ಪುಗಟ್ಟಿದ ಮುತ್ತುಗಳು. ಬಿಸಿಲಲ್ಲಿ ಕೂತು ಓದು, ಕರಗುತ್ತವೆ.

ಅರೆಕಿಪಾದಲ್ಲಿ ಚಳಿ ಎಂದು ಬರೆದಿದ್ದೆಯಲ್ಲ, ನಗು ಬಂತು. ಈ ಚಳಿಗಾಲ ಇಲ್ಲಿ ಬೆಟ್ಟದ ಮೇಲೆ ಬಿಂದಿಗೆಯ ನೀರನ್ನು ಕೊಡಲಿಯಿಂದ ಒಡೆದು ಸಾರಿಗೆ ಹಾಕುತ್ತಿದ್ದೇನೆ. ಆದರೂ ನಿನ್ನ ಅಮ್ಮ ಬೆಚ್ಚಗಿದ್ದಾಳೆ. ಯಾಕೆಂದು ಹೇಳುತ್ತೇನೆ, ಬೈಯಬೇಡ.

ಲಾಮಾ ಪ್ರಾಣಿಗಳ ಬೆನ್ನ ಮೇಲೆ ಉಪ್ಪು ಹೇರಿಕೊಂಡು ಬರುವ ಇಲಾರಿಯೊ ನಿನಗೆ ಗೊತ್ತಲ್ಲ. ಹೆಂಡತಿ ಹೋದಮೇಲೆ ಮೂಕನಂತಾದವನು. ಎರಡು ವರ್ಷದಿಂದ ನಮ್ಮ ಮನೆಗೆ ಉಪ್ಪು ತಂದು ಸುರಿಯುತ್ತಿದ್ದಾನೆ. ನಿನ್ನಪ್ಪ ಹೋಗಿ ಒಂಟಿಯಾದ ನನಗೆ ಅಷ್ಟು ಉಪ್ಪು ಯಾಕೆ? ಅವನ ಮನಸ್ಸು ನನಗೆ ತಿಳಿದಿತ್ತು, ನನ್ನದೂ ಅವನ ಕಡೆಗಿತ್ತು. ಬಾಯಿ ಮಾತ್ರ ಬಿಡಲೊಲ್ಲ. ಈ ಸಲ ಕಣಿವೆಗೆ ಇಳಿದರೆ ತಂಗಿಯ ಮನೆಯಲ್ಲೇ ಉಳಿದುಬಿಡುತ್ತಾನೆ ಎಂದು ಸುದ್ದಿ ಬಂದಾಗ ನನ್ನ ಜೀವ ಹಾರಿದಂತಾಯಿತು.

ಅವನು ಬರುವ ದಿನ ಬೆಳಿಗ್ಗೆ ಕೊಟ್ಟಿಗೆಯ ಸೂರಿನಡಿ ಹೆಬ್ಬೆರಳಷ್ಟು ಪುಟ್ಟ ಒಂದು ಝೇಂಕಾರದ ಹಕ್ಕಿ ಸಿಕ್ಕಿತು. ಕಲ್ಲಿನಷ್ಟು ತಣ್ಣಗಿತ್ತು, ಮಿಸುಕಾಟವಿಲ್ಲ. ಸತ್ತ ಝೇಂಕಾರದ ಹಕ್ಕಿಯನ್ನು ಕೆಂಪು ಉಣ್ಣೆಯಲ್ಲಿ ಸುತ್ತಿ ಎದೆಗಿಟ್ಟುಕೊಂಡರೆ ಎಂಥ ಗಂಡಸಿನ ನಾಲಗೆಯೂ ಸಡಿಲವಾಗುತ್ತದೆ ಎಂದು ನಿನ್ನಜ್ಜಿ ಹೇಳುತ್ತಿದ್ದಳಲ್ಲ. ದೇವರೇ ಕಳಿಸಿದ ಎಂದುಕೊಂಡು ಕುಪ್ಪಸದೊಳಗೆ ಸೇರಿಸಿದೆ.

ಇಲಾರಿಯೊ ಬಂದ, ಒಲೆಯ ಮುಂದೆ ಕೂತ, ಸಾರು ಕುಡಿದ, ಉಪ್ಪು ಸರಿಯಾಗಿದೆ ಎಂದ. ಅಷ್ಟೇ. ಟೋಪಿ ಕೈಗೆತ್ತಿಕೊಂಡ. ಆಗ ನನ್ನ ಎದೆಯ ಮೇಲೆ ಏನೋ ಪಟಪಟ ಬಡಿಯತೊಡಗಿತು. ಕಿರುಚಿ, ಎದೆ ಹಿಡಿದುಕೊಂಡು ಕುಸಿದು ಕೂತೆ. ಪಾಪ, ಅವನ ಹೆಂಡತಿ ಹೋದದ್ದೂ ಹಾಗೆಯೇ, ಎದೆ ಹಿಡಿದುಕೊಂಡು. ಓಡಿಬಂದು ನನ್ನ ಕೈ ಹಿಡಿದು ಅತ್ತೇಬಿಟ್ಟ.

"ನೀನೂ ಹೋಗ್ಬೇಡ ಕಣೇ ಸತುರ್ನಿನಾ. ನಿನ್ನ ಮದುವೆ ಆಗ್ಬೇಕು ಅಂತಾನೇ ಅಲ್ವಾ ನಾನು ಇಷ್ಟು ಉಪ್ಪು ಹೊತ್ತಿದ್ದು," ಎಂದ.

ಅಷ್ಟರಲ್ಲಿ ಹಕ್ಕಿ ಕುಪ್ಪಸದಿಂದ ಹೊರಬಿದ್ದು, ಅವನ ಮೂಗಿಗೆ ತಾಗಿ, ಬಾಗಿಲಾಚೆ ಹಾರಿಹೋಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅದು ಸತ್ತಿರಲೇ ಇಲ್ಲವಂತೆ. ರಾತ್ರಿಯ ಚಳಿಗೆ ಎದೆಬಡಿತವನ್ನು ಇದೆಯೋ ಇಲ್ಲವೋ ಎನ್ನುವಷ್ಟು ಇಳಿಸಿಕೊಂಡು ಮಲಗುತ್ತದಂತೆ. ಹಗಲಿನ ಹಾಗೇ ಬಡಿದರೆ ಬೆಳಗಾಗುವುದರೊಳಗೆ ಹಸಿವಿನಿಂದಲೇ ಸತ್ತೀತು. ದಾರಿಯ ಗುಹೆಗಳಲ್ಲಿ ಅವನು ಎಷ್ಟೋ ನೋಡಿದ್ದಾನೆ. ಬಿಸಿ ತಾಗಿದರೆ ಎದ್ದುಬಿಡುತ್ತವಂತೆ. ನಮ್ಮ ಹಾಗೇ ಅನ್ನು, ಎಂದೆ. ಅವನು ಟೋಪಿ ಕೆಳಗಿಟ್ಟ.

ನೀನು ಹೂಂ ಎಂದರೆ ಸೆಪ್ಟೆಂಬರಿನಲ್ಲಿ ಮದುವೆ. ಈ ವಯಸ್ಸಿನಲ್ಲಿ ಇಷ್ಟು ಸಂತೋಷ ಪಡಬಹುದೆಂದು ನನಗೆ ಗೊತ್ತಿರಲಿಲ್ಲ ಮಗಳೇ.

ನಿನ್ನ ಅಮ್ಮ,
ಸತುರ್ನಿನಾ

ತಾ.ಕ.: ಮಗಳೇ, ಅಮ್ಮನಿಗೆ ಪತ್ರ ಬರೆದುಕೊಡುವ ಟೀಚರಮ್ಮ ರಜೆಯಲ್ಲಿದ್ದಾರೆ. ನಿನ್ನಮ್ಮ ಹೇಳಿದ್ದನ್ನೆಲ್ಲ ಬರೆದವನು ನಾನು, ಇಲಾರಿಯೊ. ಅತ್ತದ್ದನ್ನು ಬಿಟ್ಟುಬಿಡೋಣ ಎಂದೆ, ಕೇಳಲಿಲ್ಲ. ನೀನು ಬೇಡವೆಂದು ಬರೆದರೆ ಅದನ್ನು ಅವಳಿಗೆ ಓದಿ ಹೇಳಬೇಕಾದವನೂ ನಾನೇ. ಸ್ವಲ್ಪ ಕರುಣೆ ಇರಲಿ.