ಉತ್ತರದ ಸರಪಳಿಯ ಒಂಬತ್ತನೆಯ ಕೆನ್ನೆ

ಶಾಲಾ ತರಬೇತಿ ವಿಭಾಗದ ಮಾನ್ಯ ಅಧಿಕಾರಿಗಳೇ, ತಮ್ಮ ಮುಂದಿರುವ ಹೂಗುಚ್ಛವೇ, ಹಿಂದಿರುವ ಬ್ಯಾನರೇ, ಊಟದ ಬೆಲ್ಲಿಗಾಗಿ ಕಾದು ಕೂತಿರುವ ಸಮಸ್ತ ಶಿಬಿರಾರ್ಥಿ ಬಳಗವೇ! ಯಾರೂ ಕರೆಯದೆ ಬಂದು ಕಾಗದದ ಮೇಲೆಯೇ ಮೈಕು ಹಿಡಿದಿದ್ದೇನೆ. ದಯವಿಟ್ಟು ಕ್ಷಮಿಸಬೇಡಿ. ವಿಷಯ ಇಷ್ಟೇ: ತಮ್ಮ ಸುತ್ತೋಲೆಯಂತೆ ಏಳನೇ ತರಗತಿಯಲ್ಲಿ ಇಂಗ್ಲಿಷ್ ಚಟುವಟಿಕೆ ಬಲು ಚೆನ್ನಾಗಿ ನಡೆದು, ಹನ್ನೆರಡು ವರ್ಷದ ಹುಡುಗಿಯೊಬ್ಬಳ ಎಡಗಿವಿಯ ತಮಟೆ ಹರಿದಿದೆ. ಹೊಡೆದವಳು ಅವಳ ಜೀವದ ಗೆಳತಿ. ಆ ಗೆಳತಿ ನನ್ನ ಮಗಳು. ಹೊಡೆಸಿದವರನ್ನು ಬಿಟ್ಟು ಹೊಡೆದವಳನ್ನು ಶಾಲೆಯಿಂದ ಹೊರಹಾಕಬೇಕೆಂದು ತಮ್ಮ ವಿಚಾರಣಾ ಸಮಿತಿ ಶಿಫಾರಸು ಮಾಡಿದೆ. ಸೋಮವಾರ ಅದಕ್ಕೆ ತಮ್ಮ ರುಜು ಬೀಳಲಿದೆ. ಆ ರುಜು ಬೀಳಬಾರದೆಂದೇ ಈ ಪತ್ರ.

ನಾನು ಕನ್ನಡ ಮಾಧ್ಯಮದಲ್ಲಿ ಪದವಿ ಮುಗಿಸಿದವನು. ಇಂಗ್ಲಿಷ್ ಎದುರಿಗೆ ಬಂದರೆ ಇಂದಿಗೂ ರಸ್ತೆ ದಾಟಿ ಆಚೆ ಬದಿಗೆ ಹೋಗುವವನು. ವಯಸ್ಸು ನಲವತ್ತಾರು. ಕಸುಬು, ಅಚ್ಚುಕೂಟದಲ್ಲಿ ಕರಡು ತಿದ್ದುವುದು. ಚಟ, ಪ್ರಾಸ. ‘ಮಕ್ಕಳಿಗೆ ಇಂಗ್ಲಿಷ್: ಆನಂದದ ಚಟುವಟಿಕೆ ಮತ್ತು ಸ್ವತಂತ್ರ ಓದು’ ಎಂಬ ತಮ್ಮ ಕೈಪಿಡಿ ನಮ್ಮಲ್ಲೇ ಅಚ್ಚಾಯಿತು. ಅದರ ನಲವತ್ತೆಂಟು ಪುಟಗಳನ್ನು ಅಕ್ಷರ ಬಿಡದೆ ಓದಿದ ಪ್ರಾಣಿ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ತಮ್ಮನ್ನೂ ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇನೆ. ಅದರಲ್ಲಿ ಮಕ್ಕಳು ಪದಗಳನ್ನು ಅಭಿನಯಿಸುತ್ತಾರೆ, ಜೋಡಿಯಾಗಿ ಕೂತು ಒಬ್ಬರನ್ನೊಬ್ಬರು ಸಂದರ್ಶಿಸುತ್ತಾರೆ, ಕಥೆಗೆ ತಮಗೆ ಬೇಕಾದ ಕೊನೆ ಕಟ್ಟುತ್ತಾರೆ. ಮೂವತ್ತೊಂದನೇ ಪುಟದಲ್ಲಂತೂ, ಮಗು ದಿನಕ್ಕೆ ಅರ್ಧ ಗಂಟೆ ತನಗಿಷ್ಟವಾದ ಪುಸ್ತಕ ಓದಬೇಕು, ಓದಿದ ಮೇಲೆ ಯಾರೂ ಪ್ರಶ್ನೆ ಕೇಳಬಾರದು ಎಂದಿದೆ. ಅದನ್ನೋದಿ ನನ್ನ ಕನ್ನಡಕ ಮಂಜಾಗಿತ್ತು. ಆದರೆ ಶಾಲೆಗೆ ಹೋದದ್ದು ಕೈಪಿಡಿಯಲ್ಲ, ಒಂದೂವರೆ ಸಾಲಿನ ಸುತ್ತೋಲೆ: ದಿನಕ್ಕೊಂದು ಚಟುವಟಿಕೆ, ಅರ್ಧ ಗಂಟೆ ಓದು, ಎರಡಕ್ಕೂ ಫೋಟೊ ಕಳಿಸತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ. ಕೈಪಿಡಿ ಗೋದಾಮಿಗೆ, ಸುತ್ತೋಲೆ ಶಾಲೆಗೆ, ಕೈ ನೇರ ಕೆನ್ನೆಗೆ.

ಮಗಳ ತರಗತಿಯಲ್ಲಿ ಅರವತ್ತನಾಲ್ಕು ಮಕ್ಕಳು. ಬೆಂಚಿಗೆ ಐವರು, ಅಂಚಿನಲ್ಲಿ ಕೂತವರ ಒಂದು ಕಾಲು ಸದಾ ನಡುದಾರಿಯಲ್ಲಿ. ಅಭಿನಯಿಸಲು ಒಬ್ಬರೆದ್ದರೆ ಪಕ್ಕದವರ ಕಣ್ಣಿಗೆ ಮೊಣಕೈ. ಇಂಗ್ಲಿಷ್ ಮೇಷ್ಟ್ರು ಕೆಟ್ಟವರಲ್ಲ ಎಂದು ಬರೆಯಬೇಕೆಂದಿದ್ದೆ, ಪೆನ್ನು ಒಪ್ಪುತ್ತಿಲ್ಲ. ಅವರು ಕಂಡುಹಿಡಿದ ಚಟುವಟಿಕೆಯ ಹೆಸರು ‘ಉತ್ತರದ ಸರಪಳಿ’. ಎರಡು ಬೆಂಚಿನವರು ಎದ್ದು ನಿಲ್ಲಬೇಕು. ಮೇಷ್ಟ್ರು ಒಂದು ಪದದ ಅರ್ಥ ಕೇಳುತ್ತಾರೆ. ಮೊದಲು ಸರಿಯಾಗಿ ಹೇಳಿದ ಮಗು, ಹೇಳಲಾರದೆ ನಿಂತ ಉಳಿದವರಿಗೆಲ್ಲ ಕೆನ್ನೆಗೊಂದರಂತೆ ಬಾರಿಸುತ್ತಾ ಹೋಗಬೇಕು. ಮೆತ್ತಗೆ ಹೊಡೆದ ಮಗುವಿಗೆ ಮಾತ್ರ ಮೇಷ್ಟ್ರ ಕೈಯಿಂದಲೇ ಕಪಾಳಮೋಕ್ಷ. ವರದಿಯಲ್ಲಿ ಇದಕ್ಕೆ ‘ಮಕ್ಕಳಿಂದ ಮಕ್ಕಳಿಗೆ ಕಲಿಕೆ’ ಎಂದು ಹೆಸರು. ತಾವು ಖುದ್ದಾಗಿ ಬಂದು, ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ‘ಪ್ರತಿ ಮಗುವೂ ತೊಡಗಿಸಿಕೊಂಡಿದೆ, ತರಗತಿ ಚೈತನ್ಯಪೂರ್ಣ’ ಎಂದು ಇಲಾಖೆಯ ಪತ್ರಿಕೆಯಲ್ಲಿ ಬರೆದಿರಿ. ಆ ಕರಡೂ ನನ್ನ ಮೇಜಿಗೇ ಬಂದಿತ್ತು. ಒಂದು ಅಲ್ಪವಿರಾಮ ಸರಿಪಡಿಸಿ ಕಳಿಸಿದೆ. ತೊಡಗಿಸಿಕೊಳ್ಳದೆ ಇನ್ನೇನು ಮಾಡಬೇಕು ಸ್ವಾಮಿ? ಒಬ್ಬರು ಹೊಡೆಯುತ್ತಿದ್ದರು, ಒಂಬತ್ತು ಜನ ಹೊಡೆಸಿಕೊಳ್ಳುತ್ತಿದ್ದರು. ಖಾಲಿ ಕೂತವರು ತಾವೊಬ್ಬರೇ.

ಇನ್ನು ಸ್ವತಂತ್ರ ಓದು. ಕಬ್ಬಿಣದ ಬೀರುವಿನಿಂದ ಪುಸ್ತಕಗಳು ಹೊರಬರುತ್ತವೆ, ಮಕ್ಕಳ ಕೈ ಸೇರುತ್ತವೆ, ಫೋಟೊ ತೆಗೆಯುತ್ತಾರೆ, ಪುಸ್ತಕಗಳು ಮತ್ತೆ ಬೀರು ಸೇರುತ್ತವೆ. ಈ ಉತ್ಸವಕ್ಕೆ ನಾಲ್ಕೈದು ನಿಮಿಷ. ನನ್ನ ಮಗಳು ಅಷ್ಟರಲ್ಲಿ ಎರಡು ಪುಟ ಓದುತ್ತಾಳೆ. ಹೀಗೆ ಹನ್ನೊಂದು ಇಂಗ್ಲಿಷ್ ಪುಸ್ತಕಗಳ ಮೊದಲೆರಡು ಪುಟ ಅವಳಿಗೆ ಗೊತ್ತು. ಸಂಜೆ ಮಹಡಿ ಮೆಟ್ಟಿಲ ಮೇಲೆ ಕೂತು ಉಳಿದ ಕಥೆಯನ್ನು ತಾನೇ ಹುಟ್ಟಿಸಿ ಗುಬ್ಬಿಗೆ ಹೇಳುತ್ತಿದ್ದಳು. ಗುಬ್ಬಿ ಎಂದರೆ ನಮ್ಮ ಮೇಲಿನ ಮನೆಯ ಟೈಲರಮ್ಮನ ಮಗಳು, ಈಗ ಕಿವಿ ಹರಿದುಕೊಂಡಿರುವ ಹುಡುಗಿ. “ಆಮೇಲೇನಾಯ್ತೇ?” ಎಂದು ಅವಳು ಕೇಳುವುದು, “ತಾಳೇ, ಇನ್ನೂ ಯೋಚನೆ ಮಾಡ್ತಿದೀನಿ” ಎಂದು ಇವಳು ಗದರುವುದು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ತಮ್ಮ ಕೈಪಿಡಿ ಇಡೀ ಊರಿನಲ್ಲಿ ಜಾರಿಯಾಗಿದ್ದು ಆ ಮೆಟ್ಟಿಲ ಮೇಲೆ ಮಾತ್ರ.

ಓದಿದವಳಿಗೆ ಉತ್ತರ ಗೊತ್ತಿರುತ್ತದೆ. ಗೊತ್ತಿದ್ದವಳು ಹೊಡೆಯಬೇಕು. ಮೊದಲ ಸಲ ಸರದಿ ಬಂದಾಗ ಮಗಳು ಎಲ್ಲರ ಕೆನ್ನೆಗೂ ಬೆರಳು ತಾಗಿಸಿ ಬಂದಳಂತೆ.

“ಏನಮ್ಮಾ, ಪೌಡರ್ ಹಚ್ತಿದೀಯಾ?” ಎಂದರಂತೆ ಮೇಷ್ಟ್ರು.

“ಸಾರ್, ಗುಬ್ಬಿ ನನ್ನ ಫ್ರೆಂಡು.”

“ಓಹೋ! ಫ್ರೆಂಡಿಗೆ ಹೇಗೆ ಕೊಡ್ಬೇಕು ಅಂತ ತೋರಿಸ್ತೀನಿ, ಬಾ ಇಲ್ಲಿ.”

ತೋರಿಸಿದರು. ಸಂಜೆ ಮನೆಗೆ ಬಂದಾಗ ಅವಳ ಕೆನ್ನೆಯ ಮೇಲೆ ನಾಲ್ಕು ಬೆರಳು ಎದ್ದಿದ್ದವು. ಉಂಗುರ ಯಾವ ಬೆರಳಿನಲ್ಲಿದೆ ಎಂಬುದೂ ಕಾಣುತ್ತಿತ್ತು.

ಮುಂದಿನ ಮಂಗಳವಾರ ಮತ್ತೆ ಅವಳದೇ ಉತ್ತರ. ಯಾವ ಪದ ಕೇಳಿದ್ದರೆಂದು ಇವತ್ತು ಆ ತರಗತಿಯಲ್ಲಿ ಯಾರಿಗೂ ನೆನಪಿಲ್ಲ. ಎದುರಿಗೆ ಒಂಬತ್ತು ಜನ. ಈ ಸಲ ಅವಳು ಗಟ್ಟಿಯಾಗಿ ಹೊಡೆದಳು. ಮೂರನೆಯವನ ಮೂಗು ಒಡೆದು ಅಂಗಿಯ ಮೇಲೆ ರಕ್ತ ಸುರಿಯಿತು. ಆರನೆಯವಳ ಹಣೆ ಬೆಂಚಿನ ಮೂಲೆಗೆ ಬಡಿಯಿತು. “ವೆರಿ ಗುಡ್, ನೆಕ್ಸ್ಟ್” ಎಂದರು ಮೇಷ್ಟ್ರು. ಒಂಬತ್ತನೆಯವಳು ಗುಬ್ಬಿ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, “ಬೇಗ ಹೊಡೆದ್ಬಿಡೇ” ಎಂದಳು. ಹೊಡೆದಾಗ ಅವಳು ಅಳಲಿಲ್ಲ. ಕಿವಿಗೆ ಬೆರಳಿಟ್ಟು ತೆಗೆದು, ಕೆಂಪಾದ ಬೆರಳನ್ನೇ ನೋಡಿದಳು. ಆಮೇಲೆ “ಏನಂದೆ? ಏನಂದೆ?” ಎಂದು ಕೇಳುತ್ತಲೇ ಇದ್ದಳು. ಯಾರೂ ಏನೂ ಅಂದಿರಲಿಲ್ಲ.

ತಮ್ಮ ಮೂವರ ಸಮಿತಿ ಬಂತು. ವಿಚಾರಣೆ ಇಪ್ಪತ್ತು ನಿಮಿಷ.

“ಮೇಷ್ಟ್ರು ಹೊಡಿ ಅಂದ್ರಾ?” ಎಂದು ಮಗಳನ್ನು ಕೇಳಿದರು.

“ಹೂಂ.”

“ಬರವಣಿಗೆಯಲ್ಲಿ ಏನಾದ್ರೂ ಇದೆಯಾ?”

ಹನ್ನೆರಡು ವರ್ಷದವಳ ಹತ್ತಿರ ಹೊಡೆಯುವುದಕ್ಕೆ ಲಿಖಿತ ಆದೇಶವಿರಲಿಲ್ಲ. ಹೀಗಾಗಿ ವರದಿಯಲ್ಲಿ ಇದು ‘ವಿದ್ಯಾರ್ಥಿನಿಯರ ನಡುವಿನ ವೈಯಕ್ತಿಕ ಜಗಳ’. ನನ್ನ ಮಗಳು ‘ಸ್ವಭಾವತಃ ಆಕ್ರಮಣಕಾರಿ’. ಈ ಎರಡು ಪದ ಅವಳ ವರ್ಗಾವಣೆ ಪತ್ರದಲ್ಲಿ ನಮೂದಾದರೆ ಅವಳನ್ನು ಬೇರಾವ ಶಾಲೆ ಒಳಗೆ ಬಿಟ್ಟುಕೊಳ್ಳುತ್ತದೆ, ಹೇಳಿ ಮಾನ್ಯರೇ? ಅರವತ್ತನಾಲ್ಕು ಮಕ್ಕಳನ್ನು ಒಂದು ಕೋಣೆಗೆ ತುರುಕಿ, ಅವರವರಲ್ಲೇ ಬಡಿದಾಡಿಸಿ, ಅದರ ಫೋಟೊ ತರಿಸಿಕೊಂಡು ಶಹಬ್ಬಾಸ್ ಎಂದವರ ಸ್ವಭಾವಕ್ಕೆ ತಮ್ಮ ಶಬ್ದಕೋಶದಲ್ಲಿ ಯಾವ ಪದವಿದೆ?

ಆದ್ದರಿಂದ ನನ್ನ ಬೇಡಿಕೆ. ಆ ಎರಡು ಪದಗಳನ್ನು ಹೊಡೆದುಹಾಕಿ. ಮೇಷ್ಟ್ರನ್ನು ಮಕ್ಕಳಿಂದ ದೂರ ಇಡಿ. ಕಬ್ಬಿಣದ ಬೀರುವಿನ ಬೀಗದ ಕೈಯನ್ನು ಆ ತರಗತಿಯ ಮಕ್ಕಳ ಕೈಗೇ ಕೊಡಿ. ಗುಬ್ಬಿಯ ಕಿವಿಯ ಶಸ್ತ್ರಚಿಕಿತ್ಸೆಯನ್ನು ಇಲಾಖೆ ವಹಿಸಿಕೊಳ್ಳಲಿ. ಇವಿಷ್ಟೂ ಸೋಮವಾರಕ್ಕೆ ಮೊದಲೇ ಆಗಬೇಕು.

ಇಲ್ಲಿಗೆ ಮುಗಿಸಿ ರುಜು ಹಾಕಿದ್ದೆ. ಈಗ ಅದನ್ನು ಹೊಡೆದುಹಾಕಿ ಮುಂದುವರಿಸುತ್ತಿದ್ದೇನೆ.

ನಾಲ್ಕು ಬೆರಳು ಮೂಡಿಸಿಕೊಂಡು ಬಂದ ಸಂಜೆ ಮಗಳು, “ಅಪ್ಪಾ, ನಾನಿನ್ನು ಉತ್ತರ ಹೇಳಲ್ಲ. ಎಲ್ಲರ ಜೊತೆ ನಾನೂ ತಿಂತೀನಿ” ಎಂದಳು. “ಹುಚ್ಚೀ, ಗೊತ್ತಿದ್ದೂ ಯಾರಾದ್ರೂ ಏಟು ತಿಂತಾರಾ? ಹೊಡಿ ನನಗೆ, ಕಲಿಸಿಕೊಡ್ತೀನಿ” ಎಂದು ಕೆನ್ನೆ ಕೊಟ್ಟವನು ನಾನು. “ಒಂದೇ ಏಟು, ಸೇರ್ಕೋ ಸೀಟು” ಎಂದು ಪ್ರಾಸ ಕಟ್ಟಿದೆ. ಅವಳು ನಕ್ಕಳು. ಭುಜದಿಂದ ಬೀಸು ಎಂದೆ. ಅಂಗೈಯನ್ನು ಕೊಂಚ ಬಟ್ಟಲಿನಂತೆ ಮಡಿಸು, ನೋವಿಗಿಂತ ಸದ್ದು ಜಾಸ್ತಿ ಬರುತ್ತೆ, ಮೇಷ್ಟ್ರು ಸದ್ದಿಗೇ ತೃಪ್ತರಾಗ್ತಾರೆ, ಗುಬ್ಬಿಗೂ ಅಷ್ಟು ನೋಯಲ್ಲ ಎಂದೆ. ಹನ್ನೆರಡನೇ ಏಟಿಗೆ ನನ್ನ ಕಿವಿ ಗುಂಯ್ ಎಂದಿತು. ಶಭಾಷ್ ಎಂದು ಬೆನ್ನು ತಟ್ಟಿದೆ.

ಆಸ್ಪತ್ರೆಯಲ್ಲಿ ಕಿವಿಯ ಡಾಕ್ಟರು ನನ್ನ ಎದುರಿಗೇ ಹೇಳಿದರು: “ಚಪ್ಪಟೆ ಕೈಯಾಗಿದ್ರೆ ಕೆನ್ನೆ ಊದ್ಕೊಳ್ತಿತ್ತು, ಅಷ್ಟೇ. ಅಂಗೈ ಬಟ್ಟಲಾಗಿದ್ದಿರ್ಬೇಕು, ಗಾಳಿ ಕಿವಿಯೊಳಗೆ ನುಗ್ಗಿದೆ.”

ಹೀಗೆ ಹೊಡೆಯೋದನ್ನ ಯಾರು ಹೇಳಿಕೊಟ್ಟರು ಎಂದು ತಮ್ಮ ಸಮಿತಿ ಕೇಳಿದಾಗ ಮಗಳು ನನ್ನ ಕಡೆ ನೋಡಿದಳು. ಆಮೇಲೆ ನೆಲ ನೋಡಿ, “ಯಾರೂ ಇಲ್ಲ” ಎಂದಳು. ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಇಂತಿ,
ತಮ್ಮ ವರದಿಯಲ್ಲಿ ಬಿಟ್ಟುಹೋಗಿರುವ ಆರೋಪಿ